ಅತ್ತೆಯ ಪುಡಿ ನೀಲಿಯಾದದ್ದು

ಬಸ್ ನಿಲ್ದಾಣದ ತಪಾಸಣೆ ಮೇಜಿನಲ್ಲಿ ನನ್ನದು ಒಂದೇ ಮಾತು: "ಬಣ್ಣ ಸುಳ್ಳು ಹೇಳಲ್ಲ." ಚೀಲದಲ್ಲಿ ಬಿಳಿ ಪುಡಿ ಕಂಡರೆ ಚಿಟಿಕೆ ತೆಗೆದು ಗಾಜಿನ ನಳಿಕೆಗೆ ಹಾಕಿ, ಮೇಲೆ ದ್ರಾವಣದ ಹನಿ ಬಿಡುತ್ತೇನೆ. ನೀಲಿಯಾದರೆ ಮಾದಕವಸ್ತು ಎಂಬ ಅನುಮಾನ. ಲ್ಯಾಬ್ ವರದಿ ಬರುವವರೆಗೆ ಪ್ರಯಾಣಿಕರು ಊರು ಬಿಡುವಂತಿಲ್ಲ. ಕೈಕಾಲು ಹಿಡಿದರೂ ನಾನು ಕರಗುವವನಲ್ಲ.

ಅವತ್ತು ಸಾಲಿನಲ್ಲಿ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ನಿಂತಿದ್ದರು. ನಾಲ್ಕು ದಿನಕ್ಕೆಂದು ಬಂದವರು ಮೂರು ತಿಂಗಳು ನಮ್ಮಲ್ಲೇ ಠಿಕಾಣಿ ಹೂಡಿದ್ದರು. ನನ್ನ ಮಂಚ ಅವರದು, ಟೀವಿ ರಿಮೋಟ್ ಅವರದು. ನಾನು ಕೆಮ್ಮಿದರೂ ಹಾಗಲ್ಲ ಹೀಗೆ ಎಂದು ತಿದ್ದುತ್ತಿದ್ದರು. ಅಂತೂ ಇಂತೂ ಹೊರಟಿದ್ದರಲ್ಲ! ಖುಷಿಯಲ್ಲಿ ಅವರ ಚೀಲ ಮುಟ್ಟದೆಯೇ, "ಬೇಗ ಹತ್ಕೊಳ್ಳಿ ಅತ್ತೆ, ಬಸ್ ಹೊರಡುತ್ತೆ" ಎಂದೆ.

"ಅತ್ತೆ ಅಂತ ಬಿಟ್ಬಿಡ್ತೀರಾ ಅಳಿಯಂದ್ರೇ? ನಿಮ್ಮ ಸಾಹೇಬ್ರು ನೋಡ್ತಿದಾರೆ. ಪರೀಕ್ಷೆ ಮಾಡಿ!" ಎಂದು ಹಲ್ಲುಸೆಟ್ಟು ತೊಳೆಯುವ ಪುಡಿಯ ಡಬ್ಬಿಯನ್ನು ತಾವೇ ಮುಂದಿಟ್ಟರು.

ಹನಿ ಬಿಟ್ಟೆ. ನೀಲಿ! ಅಯ್ಯೋ ನನ್ನ ಕರ್ಮವೇ!

"ರೂಲ್ಸ್ ಅಂದ್ರೆ ರೂಲ್ಸು," ಎಂದರು ಸಾಹೇಬರು. "ರಿಪೋರ್ಟ್ ಬರೋವರೆಗೂ ಇವರು ನಿಮ್ಮ ಮನೇಲೇ ಇರಲಿ. ತಿಂಗಳೋ, ಎರಡು ತಿಂಗಳೋ."

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ನನಗೆ ಎಲ್ಲಿತ್ತೋ ಆವೇಶ!

"ಸಾರ್, ಬಣ್ಣ ಬರೀ ಅನುಮಾನ ಸಾರ್! ಯಾವ್ಯಾವ್ದೋ ಪುಡಿಗೂ ನೀಲಿ ಬರುತ್ತೆ. ದೇವರಂಥಾ ಹೆಂಗಸು ಇವರು! ಬೇಕಾದ್ರೆ ನನ್ನನ್ನ ಒಳಗೆ ಹಾಕಿ, ಇವರನ್ನ ಕಳಿಸಿ!"

ಸಾಹೇಬರು ಜಗ್ಗಲಿಲ್ಲ. ಸೆಕೆಗೆಂದು ಅವರು ಕುತ್ತಿಗೆಗೆ ಬಳಿದುಕೊಂಡಿದ್ದ ಪೌಡರು ಆಗ ನನ್ನ ಕಣ್ಣಿಗೆ ಬಿತ್ತು. ಹಿಂದೆ ಮುಂದೆ ನೋಡದೆ ಅದನ್ನೇ ಕೆರೆದು ಹೊಸ ನಳಿಕೆಗೆ ಹಾಕಿ ಹನಿ ಬಿಟ್ಟೆ. ಅತ್ತೆಯದಕ್ಕಿಂತ ಗಾಢ ನೀಲಿ. ಸಾಲಿನಲ್ಲಿದ್ದವರೆಲ್ಲ ಬಗ್ಗಿ ನೋಡಿದರು.

"ಹಾಗಾದ್ರೆ ನೀವೂ ಊರು ಬಿಡೋ ಹಾಗಿಲ್ಲ ಸಾರ್," ಎಂದೆ.

ಸಾಹೇಬರು ಗಡಿಬಿಡಿಯಲ್ಲಿ ಕುತ್ತಿಗೆ ಒರೆಸಿಕೊಂಡರು. "ಸಾಕು ಸುಮ್ನಿರ್ರೀ! ಕಳಿಸ್ರೀ ಅವರನ್ನ."

ಬದುಕಿದೆಯಾ ಬಡಜೀವವೇ ಎಂದುಕೊಂಡು ಚೀಲ ಹೊತ್ತು ಬಸ್ಸಿನತ್ತ ಓಡಿದೆ. ಬಾಗಿಲಲ್ಲಿ ತಿರುಗಿ ನೋಡಿದರೆ ಅತ್ತೆ ಮೇಜಿನ ಬಳಿಯೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ವಾಪಸ್ ಹೋಗಿ, "ಏನಾಯ್ತು ಅತ್ತೆ? ಬನ್ನಿ, ಬನ್ನಿ" ಎಂದು ಗೋಗರೆದೆ.

"ಹೆತ್ತ ಮಗನೂ ನನಗೋಸ್ಕರ ಇಷ್ಟು ಹೋರಾಡಲ್ಲ. ನಿಮಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡೇ ಹೊರಟಿದ್ದೆ ಕಣ್ರೀ," ಎಂದರು. "ಇಂಥಾ ಅಳಿಯನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ನಡೀರಿ, ಚೀಲ ಮನೆಗೆ ತಗೊಳ್ಳಿ."