ಗೋಡೆಯೊಳಗಿನ ಪೈಪು

ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸುವ ಯೋಚನೆ ಮೇಸ್ತ್ರಿಯದಲ್ಲ, ಅವನ ಹೆಂಡತಿಯದು. ಊರವರ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿದ ಮಹಾನುಭಾವ ತನ್ನ ಮನೆಯ ನಲ್ಲಿಯ ಕೆಳಗೆ ಮಾತ್ರ ಬಕೆಟ್ ಇಟ್ಟುಕೊಂಡೇ ಕಾಲ ಕಳೆದಿದ್ದ. ಕೇಳಿದರೆ, ಬಿಡೇ, ಅದೇನು ಓಡಿಹೋಗುತ್ತಾ ಅನ್ನುತ್ತಿದ್ದ. ಈಗ ನೆರೆಯವರಿಗೆ ಅವಳು ಹೇಳಿದ ಕಾರಣ ಇಷ್ಟು: ಇಬ್ಬರಿಗೂ ಮಂಡಿ ಹಿಡಿದುಕೊಂಡಿದೆ, ಕುಕ್ಕರಗಾಲಲ್ಲಿ ಕೂತರೆ ಏಳಲಾಗುವುದಿಲ್ಲ, ಕಮೋಡು ಬೇಕು, ಹಿಡಿದುಕೊಂಡು ಏಳುವುದಕ್ಕೆ ಗೋಡೆಗೊಂದು ಕಂಬಿ ಬೇಕು. ಅದು ಸುಳ್ಳೇನಲ್ಲ. ನಿಜವಾದ ಕಾರಣವನ್ನು ಮಾತ್ರ ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಮೇಸ್ತ್ರಿಯ ನೆನಪು ಕೈಕೊಡತೊಡಗಿತ್ತು. ಮೊದಮೊದಲು ಕನ್ನಡಕ, ಬೀಗದ ಕೈ. ಅವನ್ನು ಯಾರು ಮರೆಯುವುದಿಲ್ಲ ಎಂದು ಅವಳೂ ನಕ್ಕಿದ್ದಳು. ಆಮೇಲೊಂದು ದಿನ, ಸತ್ತುಹೋದ ಅಣ್ಣನಿಗೆ ಫೋನ್ ಮಾಡು ಎಂದ. ಡಾಕ್ಟರು ಅವನಿಗೆ ಚಿತ್ರಗಳನ್ನು ತೋರಿಸಿದರು, ಪ್ರಶ್ನೆ ಕೇಳಿದರು, ಕೊನೆಗೆ ಅವಳೊಬ್ಬಳನ್ನೇ ಒಳಗೆ ಕರೆದು, ಇದು ಹೆಚ್ಚುತ್ತಲೇ ಹೋಗುವ ಕಾಯಿಲೆ, ವಾಸಿಯಾಗುವುದಿಲ್ಲ ಎಂದರು. ಅವಳು ತಲೆಯಾಡಿಸಿ ಎದ್ದು ಬಂದಳೇ ಹೊರತು ನಂಬಲಿಲ್ಲ. ಪಕ್ಕದ ಮನೆಯ ಸೋರುವ ನಲ್ಲಿಗೆ ಅವನು ಮಾತಾಡುತ್ತ ಮಾತಾಡುತ್ತಲೇ ವಾಷರು ಬದಲಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ತಲೆ ಮರೆತರೇನು, ಕೈಗೆ ಎಲ್ಲ ಗೊತ್ತಿದೆ. ಕೈಗೆ ಕೆಲಸ ಕೊಟ್ಟರೆ ಅದರ ಹಿಂದೆಯೇ ತಲೆಯೂ ಬಂದೀತು. ಹೀಗಿತ್ತು ಅವಳ ಲೆಕ್ಕಾಚಾರ. ಆಸೆ ಕಟ್ಟಿಕೊಂಡವರಿಗೆ ಬುದ್ಧಿ ಹೇಳುವವರು ಯಾರು?

ಕೆಲಸಕ್ಕೆ ಅವಳು ಕರೆಸಿದ್ದು ಮೇಸ್ತ್ರಿಯ ಕೈಕೆಳಗೆ ಕಲಿತು ಈಗ ಸ್ವಂತಕ್ಕೆ ದುಡಿಯುತ್ತಿದ್ದ ಪ್ಲಂಬರನನ್ನು. ಅವನಿಗೆ ಅವಸರ ಎಂದು ಹೆಸರಿಟ್ಟವನು ಮೇಸ್ತ್ರಿಯೇ. ತಲೆ ನರೆತರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಕೈ ನಿನ್ನದಿರಲಿ, ಹೇಗೆ ಮಾಡಬೇಕೆಂದು ಅವರು ಹೇಳಲಿ ಎಂದು ಅವಳು ಕೇಳಿಕೊಂಡಳು. ಮೇಸ್ತ್ರಿಯನ್ನು ಅಣ್ಣ, ಅವಳನ್ನು ಅತ್ತಿಗೆ ಎನ್ನುತ್ತಿದ್ದ ಅವನು ಅವಳ ಮಾತನ್ನು ಯಾವತ್ತೂ ತೆಗೆದುಹಾಕಿದವನಲ್ಲ.

ಮನೆ ತುಂಬ ಧೂಳೆದ್ದಿತು. ಅನ್ನದ ತಟ್ಟೆಯಲ್ಲೂ ಸಿಮೆಂಟಿನ ಪುಡಿ. ಆದರೂ ಅವಳ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಮೇಸ್ತ್ರಿ ಬಚ್ಚಲ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತ. ನೀರು ಓಡಲು ಇಳಿಜಾರು ಸಾಲದು ಎಂದು, ಹಾಕಿದ ಗಾರೆಯನ್ನು ಕೆರೆಸಿದ. ಕಮೋಡಿನ ಪೈಪನ್ನು ಅವಸರನ ಕೈಯಿಂದ ಕಿತ್ತುಕೊಂಡು ತಾನೇ ಜೋಡಿಸಿದ. ಇಷ್ಟು ವಯಸ್ಸಾದರೂ ಅಂಟು ಹಚ್ಚುವುದು ಕಲಿಯಲಿಲ್ಲವಲ್ಲೋ ಎಂದು ಬೈದ. ಬೈಸಿಕೊಂಡವನಿಗೂ ಖುಷಿ, ಅಡುಗೆಮನೆಯಲ್ಲಿ ಕಿವಿ ನಿಮಿರಿಸಿಕೊಂಡಿದ್ದವಳಿಗೂ ಖುಷಿ. ಅವಳು ತಂಗಿಗೆ ಫೋನ್ ಮಾಡಿ, ನಿನ್ನ ಭಾವ ಮೊದಲಿನ ಹಾಗೇ ಆಗಿಬಿಟ್ಟರು ಕಣೇ ಎಂದು ಹೇಳಿಕೊಂಡಳು.

ನೆಲ ಮುಗಿಯಿತು, ಕಮೋಡು ಕೂತಿತು, ಕಂಬಿಯೊಂದು ಉಳಿಯಿತು. ಗೋಡೆಯ ಹಳೆಯ ಟೈಲುಗಳು ಗಟ್ಟಿಯಾಗಿದ್ದವೆಂದು ಅವನ್ನು ಒಡೆದಿರಲಿಲ್ಲ. ಅವುಗಳ ಹಿಂದೆ ಎಲ್ಲೋ, ಮಹಡಿಯ ಟ್ಯಾಂಕಿನಿಂದ ಇಳಿಯುವ ಕಬ್ಬಿಣದ ಪೈಪಿತ್ತು. ತೂತು ಕೊರೆಯುವ ಮೊದಲು ಅದರ ಜಾಗ ತಿಳಿಯಬೇಕು. ಅವಸರ ಕೇಳಿದ. ಮೇಸ್ತ್ರಿ ಎದ್ದು ಬಂದು ಟೈಲುಗಳ ಮೇಲೆ ಅಂಗೈ ಸವರಿದ. ಸೀಮೆಸುಣ್ಣ ತೆಗೆದುಕೊಂಡು ಕಿಟಕಿಯ ಪಕ್ಕ ಮೇಲಿನಿಂದ ಕೆಳಕ್ಕೆ ಗೆರೆ ಎಳೆದ, ಮೊಣಕಾಲಿನ ಮಟ್ಟದಲ್ಲಿ ಅದನ್ನು ಬಾಗಿಲ ಕಡೆಗೆ ತಿರುಗಿಸಿದ. ಕೈ ಒಂದಿಷ್ಟೂ ನಡುಗಲಿಲ್ಲ.

"ಪೈಪು ಇಲ್ಲಿದೆ. ಕಮೋಡಿನ ಕಡೆ ಗೋಡೇಲಿ ಏನೂ ಇಲ್ಲ. ಧೈರ್ಯವಾಗಿ ಕೊರಿ" ಎಂದ.

ಬಾಗಿಲಲ್ಲಿ ನಿಂತಿದ್ದ ಅವಳು ಗೆರೆಯನ್ನು ಮತ್ತೊಮ್ಮೆ ನೋಡಿದಳು. ಪೈಪು ಇದ್ದದ್ದೇ ಕಮೋಡಿನ ಕಡೆ.

ಮೇಸ್ತ್ರಿಯದೊಂದು ಪದ್ಧತಿಯಿತ್ತು. ಯಾರ ಮನೆಯೇ ಆಗಲಿ, ಗಾರೆ ಮೆತ್ತಿ ಪೈಪು ಮುಚ್ಚುವ ಮೊದಲು ಮನೆಯಾಕೆಯನ್ನು ಕರೆದು, ಉದ್ದಕ್ಕೂ ಒಮ್ಮೆ ಕೈಯಾಡಿಸಿ ನೋಡಿಕೊಳ್ಳಿ, ನಾಳೆ ಇಲ್ಲಿ ಮೊಳೆ ಹೊಡೆಯುವವರು ನೀವೇ ಅನ್ನುತ್ತಿದ್ದ. ಈ ಗೋಡೆ ಮುಚ್ಚುವಾಗ ಅವಳು ಹೊಸದಾಗಿ ಮದುವೆಯಾಗಿ ಬಂದವಳು. ಅವಳ ಕೈಯನ್ನು ತಾನೇ ಹಿಡಿದು ಪೈಪಿನ ಮೇಲೆ ಸವರಿಸಿದ್ದ. ಪೈಪು ತೋರಿಸುವುದಕ್ಕೆ ಅಷ್ಟು ಹೊತ್ತು ಕೈ ಹಿಡಿಯಬೇಕಾಗಿರಲಿಲ್ಲ. ಆ ಜಾಗವನ್ನು ಅವಳು ಮರೆಯುವುದುಂಟೇ?

ಅದಲ್ಲ ರೀ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಹೇಳಿದರೆ ಡಾಕ್ಟರ ಮಾತು ನಿಜವಾಗುತ್ತದೆ, ಇಷ್ಟು ದಿನದ ಖುಷಿ ನೀರುಪಾಲಾಗುತ್ತದೆ. ತಾನೇ ತಪ್ಪು ತಿಳಿದಿರಬೇಕು ಎಂದುಕೊಂಡಳು; ಪೈಪು ಹಾಕಿದವರಿಗಿಂತ ತನಗೆ ಹೆಚ್ಚು ಗೊತ್ತೇ? ಗಂಡನ ನೆನಪನ್ನು ಉಳಿಸಿಕೊಳ್ಳಲು ತನ್ನ ನೆನಪನ್ನೇ ಸುಳ್ಳು ಮಾಡಿಕೊಂಡಳು, ಹುಚ್ಚಿ.

ಕೊರೆಯುವ ಮೊದಲು ಮೇಲಿನ ವಾಲ್ವು ಮುಚ್ಚುವುದು ವಾಡಿಕೆ. ಮುಚ್ಚಿ ಬರಲೇ ಎಂದು ಅವಸರ ಕೇಳಿದ. ನನ್ನ ಗೆರೆಯ ಮೇಲೆ ನಂಬಿಕೆ ಇಲ್ಲವೇನೋ ಎಂದು ಮೇಸ್ತ್ರಿ ಮುಖ ಗಂಟಿಕ್ಕಿದ. ಅವಸರ ಅತ್ತಿಗೆಯ ಕಡೆ ನೋಡಿದ.

"ಕೊರಿಯಪ್ಪ" ಎಂದಳು. "ಅವರು ಹೇಳಿದ ಮೇಲೆ ಇನ್ನೇನು."

ಡ್ರಿಲ್ಲು ಟೈಲು ದಾಟಿತು, ಗಾರೆ ದಾಟಿತು, ಕಿರ್ರೆಂದಿತು. ಅವಸರ ಹಿಂದಕ್ಕೆ ಎಳೆಯುವಷ್ಟರಲ್ಲಿ ತುಕ್ಕು ತಿಂದ ಪೈಪು ತೂತಾಗಿ ಕೆಂಪು ನೀರು ಮುಖಕ್ಕೆ ರಾಚಿತು. ಅವನು ಡ್ರಿಲ್ಲಿನ ಪ್ಲಗ್ಗು ಕಿತ್ತು ಮಹಡಿಗೆ ಓಡಿದ. ವಾಲ್ವು ತಿರುಗಿಸುವ ಹೊತ್ತಿಗೆ ಹೊಸ ನೆಲದ ತುಂಬ ಕೆಂಪು ನೀರು ಹರಡಿತ್ತು.

ಇಳಿದು ಬಂದವನು ಅವಳನ್ನು ಅಡುಗೆಮನೆಯ ಕಡೆಗೆ ಕರೆದ. ನನ್ನದೇ ಕೈ ಜಾರಿತು ಎನ್ನಬೇಕೆಂದಿದ್ದ ಪಾಪ. ಅವಳ ಮುಖ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ.

"ಅಣ್ಣ ಎಳೆದ ಗೆರೆ ತಪ್ಪಲ್ಲ ಅತ್ತಿಗೆ. ಆದ್ರೆ ಅದು ಈ ಮನೇದಲ್ಲ. ನಾನು ಮೊದಲು ಕೆಲಸ ಕಲಿತ ಮನೆ, ಟೀಚರಮ್ಮಂದು. ಅಲ್ಲಿ ಪೈಪು ಹೀಗೇ ತಿರುಗಿತ್ತು. ಎಲ್ಲೋ ನೋಡಿದ್ದೀನಿ ಅನ್ನಿಸ್ತಾನೇ ಇತ್ತು, ಈಗ ಹೊಳೀತು."

"ನಂಗೆ ಗೊತ್ತಿತ್ತು ಕಣಪ್ಪ" ಎಂದಳು ಅವಳು. "ಪೈಪು ಎಲ್ಲಿದೆ ಅಂತ ನಂಗೆ ಗೊತ್ತಿತ್ತು."

ಅವನು ಮೂಲೆಯಲ್ಲಿದ್ದ ಬಕೆಟ್ ಎತ್ತಿಕೊಂಡ.

ಇಬ್ಬರೂ ಬಚ್ಚಲಿಗೆ ಬಂದಾಗ ಮೇಸ್ತ್ರಿ ನೀರಿನಲ್ಲಿ ನಿಂತು ತೂತಿಗೆ ಬಟ್ಟೆ ತುರುಕುತ್ತಿದ್ದ. ಗಾಬರಿಯಿಲ್ಲ, ಬೈಗುಳವಿಲ್ಲ. ಅವಳನ್ನು ಕಂಡೊಡನೆ ಒದ್ದೆ ಅಂಗಿ ಸರಿಮಾಡಿಕೊಂಡು, ಕೆಲಸ ಕೊಟ್ಟವರ ಮುಂದೆ ನಗುವ ಹಾಗೆ ವಿನಯದಿಂದ ನಕ್ಕ.

"ಗಾಬರಿಯಾಗ್ಬೇಡಿ ಅಮ್ಮ. ನಮ್ಮ ಹುಡುಗಂಗೆ ಸ್ವಲ್ಪ ಅವಸರ. ಎಲ್ಲ ಸರಿಮಾಡಿಕೊಟ್ಟೇ ಹೋಗ್ತೀವಿ."

ಕೂಡಿ ಬಾಳಿದಷ್ಟು ಕಾಲವೂ ಅವಳಿಗೆ ಬಹುವಚನ ಹಾಕಿದವನಲ್ಲ ಅವನು. ಅವಳಿಗೆ ಅವನ ಭುಜ ಹಿಡಿದು ಅಲುಗಾಡಿಸಬೇಕು, ನಾನು ಕಣ್ರೀ ಎಂದು ಕಿರುಚಬೇಕು ಅನ್ನಿಸಿತು. ಏನೂ ಮಾಡದೆ ಟವೆಲು ತಂದುಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಖ ಒರೆಸಿ, ಮಡಚಿ ಹಿಂದಕ್ಕೆ ಕೊಟ್ಟ. ಅವಳ ಹಿಂದಿನ ಕೋಣೆಯ ಕಡೆಗೊಮ್ಮೆ ಇಣುಕಿ ದನಿ ತಗ್ಗಿಸಿದ.

"ಯಜಮಾನ್ರು ಮನೇಲಿದ್ದಾರಾ? ಅವ್ರಿಗೂ ಒಂದು ಮಾತು ಹೇಳ್ಬಿಡ್ತೀನಿ."

"ಇಲ್ಲ" ಎಂದಳು.

"ಯಾವಾಗ ಬರ್ತಾರೆ?"

ಅವಸರ ಗೋಡೆಯ ಕಡೆ ತಿರುಗಿ ನಿಂತ. ಅವಳು ಗಂಡನ ಮುಖವನ್ನೇ ನೋಡಿದಳು.

"ಇನ್ನು ಬರಲ್ಲ" ಎಂದಳು.