ದ್ಯಾಮಕ್ಕನ ಮೈನಸ್ ಹದಿನೆಂಟು ಸಾವಿರ

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅಳುಕಿನಿಂದಲೇ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಬೇಕು. ನಾನು ಗಣಿತದ ಮೇಷ್ಟ್ರಲ್ಲ. ಕಾನಹೊಸಹಳ್ಳಿಯ ಗೊಬ್ಬರದಂಗಡಿಯಲ್ಲಿ ಬಿಲ್ ಬರೆಯುವವನು, ಹತ್ತನೆಯ ತರಗತಿಯನ್ನು ಸಂಜೆ ಶಾಲೆಯಲ್ಲಿ ಮುಗಿಸಿದವನು. ಬೇರೆ ಯಾರೂ ಸಿಗದೆ, ಈಗ ಅದೇ ಶಾಲೆಯಲ್ಲಿ ಗಣಿತ ಹೇಳಿಕೊಡಲು ನನ್ನನ್ನು ನಿಲ್ಲಿಸಿದ್ದಾರೆ.

ನನ್ನ ಚಿಂತೆಯೆಲ್ಲ ತರಗತಿಯಲ್ಲಿದ್ದ ದ್ಯಾಮಕ್ಕನದು. ಗಣಿತದಲ್ಲಿ ಎರಡು ಸಲ ಫೇಲಾಗಿದ್ದರು. ಪಾಸಾದರೆ ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಬಹುದು. ಮುಂದಿನ ವರ್ಷ ವಯಸ್ಸು ಮೀರುತ್ತದೆ. ಅವರಿಗೆ ಇದೇ ಕೊನೆಯ ಪರೀಕ್ಷೆ.

ಬೋರ್ಡಿನ ಮೇಲೆ ಬರೆದೆ: ಒಬ್ಬನು ಹತ್ತು ಸಾವಿರ ರೂಪಾಯಿಯನ್ನು ಎರಡು ಭಾಗ ಮಾಡಿ, ಒಂದನ್ನು ಶೇಕಡಾ ಆರು, ಇನ್ನೊಂದನ್ನು ಶೇಕಡಾ ಒಂಬತ್ತರ ಬಡ್ಡಿಗೆ ಹೂಡಿದನು. ವರ್ಷಕ್ಕೆ 720 ರೂಪಾಯಿ ಬಡ್ಡಿ ಬಂತು. ಭಾಗಗಳೆಷ್ಟು?

ಆರು ಸಾವಿರ, ನಾಲ್ಕು ಸಾವಿರ ಎಂಬುದು ಉತ್ತರ. ದ್ಯಾಮಕ್ಕ ಎರಡು ಸಮೀಕರಣ ಬರೆದು, ಬಿಡಿಸಿ, ಇಪ್ಪತ್ತೆಂಟು ಸಾವಿರ ಮತ್ತು ಮೈನಸ್ ಹದಿನೆಂಟು ಸಾವಿರ ಎಂದು ತೋರಿಸಿದರು. ಮೂರು ಸಲ ಅಳಿಸಿ ಮಾಡಿಸಿದೆ. ಮೂರು ಸಲವೂ ಅದೇ. ಕೂಡುವುದರಲ್ಲಿ, ಕಳೆಯುವುದರಲ್ಲಿ ಒಂದೂ ತಪ್ಪಿಲ್ಲ. ನನ್ನ ತಲೆ ಕೆಟ್ಟಿತು.

“ಹನ್ನೆರಡರಿಂದ ಯಾಕ ಗುಣಿಸಿದ್ರಿ?”

“ವರ್ಷಕ್ಕ ಹನ್ನೆರಡು ತಿಂಗಳಲ್ರಿ ಸರ? ನಮ್ಮ ಸಂಘದಾಗ ನೂರಕ್ಕ ಎರಡು ಅಂದ್ರ ತಿಂಗಳಿಗೆ ಎರಡು.”

ಪುಸ್ತಕದಲ್ಲಿ ‘ವಾರ್ಷಿಕ’ ಬಡ್ಡಿದರ ಎಂದಿತ್ತು. ಎಲ್ಲರಿಗೂ ಗೊತ್ತಿರುವುದೇ ಎಂದು ಆ ಪದವನ್ನು ನಾನೇ ಬಿಟ್ಟಿದ್ದೆ.

“ಇದು ವರ್ಷದ ಬಡ್ಡಿರಿ. ರೊಕ್ಕ ಮೈನಸ್ ಹೆಂಗ ಇಡಾಕ ಬರ್ತೈತಿ?”

“ಬರ್ತೈತ್ರಿ. ಹದಿನೆಂಟು ಸಾವಿರ ಸಾಲ ತಂದಾನ, ತನ್ನ ಹತ್ತು ಸೇರಿಸಿ ಇಪ್ಪತ್ತೆಂಟು ಬಡ್ಡಿಗೆ ಬಿಟ್ಟಾನ. ಬಂದಿದ್ರಾಗ ಕಟ್ಟಿದ್ದು ಕಳೀರಿ, ಏಳುನೂರಾ ಇಪ್ಪತ್ತೇ ಉಳಿತೈತಿ.”

ಹಿಂದಿನ ಬೆಂಚಿನಿಂದ ಲಾರಿ ಡ್ರೈವರ್ ಹುಲುಗಪ್ಪ ನಕ್ಕ. “ಒಂಬತ್ತಕ್ಕ ತಂದು ಆರಕ್ಕ ಬಿಡಾಂವ ಯಾವ ಊರಾಂವ ಯಕ್ಕಾ? ಅಡ್ರೆಸ್ ಕೊಡು, ನಾಳೆನ ಹೋಕ್ಕೀನಿ.”

“ಲೆಕ್ಕ ಕೊಟ್ಟಾಂವನ್ನ ಕೇಳು. ನನ್ನೇನ್ ಕೇಳ್ತಿ.”

“ಸಾಕ್ರಿ, ವರ್ಷದ್ದು ಅಂತ ತಿಳ್ಕೊಂಡು ಬರೀರಿ,” ಎಂದು ರೇಗಿದೆ.

ಮರುದಿನ ಅಂಗಡಿಯಲ್ಲಿ, ಒಂದು ಹಳೆಯ ಬಿಲ್ಲಿನ ಬೆನ್ನಿಗೆ ಅವರ ಲೆಕ್ಕ ಹಾಕಿ ನೋಡಿದೆ. ಬಂದ ಬಡ್ಡಿ 20,160, ಕಟ್ಟಿದ್ದು 19,440. ಉಳಿದದ್ದು 720. ಸಂಜೆ ತಡೆಯಲಾರದೆ, “ನಿಮ್ಮ ಲೆಕ್ಕಾನೂ ಖರೇನ ಐತ್ರಿ,” ಎಂದುಬಿಟ್ಟೆ. ಪರೀಕ್ಷೆಗೆ ಮೂರೇ ದಿನ ಇರುವಾಗ ಆಡುವ ಮಾತೇ ಅದು? ಆಡಿದ ಮೇಲೆ ತಿದ್ದಿ ಹೇಳುವ ಧೈರ್ಯವೂ ಬರಲಿಲ್ಲ.

ಕೂಡ್ಲಿಗಿಯಲ್ಲಿ ಪರೀಕ್ಷೆ ಬರೆದು ಬಂದ ದ್ಯಾಮಕ್ಕನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದೆ.

“ಬಡ್ಡಿ ಲೆಕ್ಕ ಬಂದಿತ್ತೇನ್ರಿ?”

“ಬಂದಿತ್ರಿ. ನಾಲ್ಕು ಮಾರ್ಕ್ಸಿಂದು.”

“ಹೆಂಗ ಮಾಡಿದ್ರಿ?”

“ನೀವು ಹೇಳಿದಂಗ ಮಾಡೀನ್ರಿ ಸರ.”

ಅಷ್ಟರಲ್ಲಿ ಗುಡೇಕೋಟೆ ಬಸ್ ಹೊರಟಿತು, ಓಡಿ ಹತ್ತಿದರು. ನಾನು ಎರಡು ದಿನ ಎರಡು ಮಾತು ಹೇಳಿದವನು. ಅವರು ಯಾವುದನ್ನು ಹಿಡಿದು ಬರೆದರೋ ನನಗೆ ಗೊತ್ತಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ.