ಐದು ಗಂಟೆಯ ಚಾಕೊಲೇಟ್ ಕಷಾಯ

ನಮ್ಮನೆಯವರು ತಿಮ್ಮರಾಯಪ್ಪ ವಯಸ್ಸಿನಲ್ಲಿ ಮಲೆತ ಹೋರಿಯ ಕೊಂಬು ಹಿಡಿದು ನಿಲ್ಲಿಸಿದವರು. ಹೋರಿ ನಿಂತಿದ್ದ ಗದ್ದೆಯಲ್ಲಿ ಈಗ ನಮ್ಮ ಮೂರಂತಸ್ತಿನ ಮನೆ ನಿಂತಿದೆ, ಬಿಟಿಎಂ ಲೇಔಟಿನಲ್ಲಿ. ಅಂಥ ಗಂಡಸಿಗೆ ಸೂಜಿ ಅಂದರೆ ಆಗದು. ರಕ್ತ ಪರೀಕ್ಷೆಗೆ ಹೋದರೆ ನರ್ಸಮ್ಮ ಹತ್ತಿಯಲ್ಲಿ ಕೈ ಒರೆಸುವಷ್ಟರಲ್ಲೇ ಕಣ್ಣು ಮೇಲಾಗಿ ನನ್ನ ಮೇಲೆ ಒರಗಿಬಿಡುತ್ತಾರೆ. ತೊಂಬತ್ತು ಕೆಜಿ ಇದ್ದಾರೆ. ಪರೀಕ್ಷೆ ಅವರಿಗೆ, ಸೊಂಟ ನೋವು ನನಗೆ.

ಹೀಗಿರುವಾಗ ತಿಲಕ್ ನಗರದ ಡಾಕ್ಟ್ರು ರಿಪೋರ್ಟ್ ನೋಡಿ, "ಮೂರು ತಿಂಗಳ ಶುಗರ್ ಸರಾಸರಿ ಒಂಬತ್ತು ದಾಟಿದೆ ಯಜಮಾನ್ರೇ. ಮಾತ್ರೆ ತಪ್ಪಿಸ್ಬೇಡಿ, ಸಿಹಿ ಬಿಡಿ, ದಿನಾ ನಡೀರಿ. ಮುಂದಿನ ಸಲ ಎಂಟರೊಳಗೆ ಬರ್ಲಿಲ್ಲ ಅಂದ್ರೆ ಇನ್ಸುಲಿನ್ ಚುಚ್ಕೋಬೇಕಾಗುತ್ತೆ" ಅಂದರು.

"ದಿನಾನಾ?"

"ದಿನಾ."

ಆಟೋದಲ್ಲಿ ಮನೆಗೆ ಬರುವವರೆಗೂ ಇವರು ತೋಳು ಉಜ್ಜಿಕೊಳ್ಳುತ್ತಲೇ ಇದ್ದರು. ಸಿಹಿ, ನಡಿಗೆ ಎರಡೂ ಕಿವಿಗೆ ಬಿದ್ದಿರಲಿಲ್ಲ. ಬಿದ್ದದ್ದು ಸೂಜಿಯೊಂದೇ.

ಸಂಜೆ ಮೆಟ್ಟಿಲ ಮೇಲೆ ಕುಳಿತಿದ್ದಾಗ ಮೇಲ್ಮನೆಯ ವಿಜಯಲಕ್ಷ್ಮಿ ಬಂದಳು. ಗದಗದ ಹುಡುಗಿ, ಜೆ.ಪಿ. ನಗರದಲ್ಲಿ ಚಾಕೊಲೇಟ್ ತಯಾರಿಸುವ ಸಣ್ಣದೊಂದು ಕಂಪನಿಯಲ್ಲಿ ಕೆಲಸ. ಇವರ ಮುಖ ನೋಡಿ ಬ್ಯಾಗಿನಿಂದ ಒಂದು ಕಪ್ಪು ಚೂರು ಮುರಿದುಕೊಟ್ಟಳು. ಬಾಯಿಗೆ ಹಾಕಿಕೊಂಡ ಇವರ ಮುಖ ಇನ್ನೂ ಕೆಟ್ಟುಹೋಯಿತು.

"ಏನವ್ವ ಇದು, ಬೇವಿನ ಚೆಕ್ಕೆ ಇದ್ದಂಗಿದೆ!"

"ಖರೇ ಚಾಕೊಲೇಟ್ ಹಿಂಗ ಇರ್ತದ್ರೀ ಅಂಕಲ್. ಹಿಂದಕ ಅಮೆರಿಕಾ ಖಂಡದ ಮೂಲ ಮಂದಿ ಕೋಕೋ ಬೀಜ ಹುರದು, ಅರದು, ನೀರು, ಮೆಣಸಿನಕಾಯಿ ಹಾಕಿ ಕುಡೀತಿದ್ರು. ದೇವರಿಗೂ ಅದ ನೈವೇದ್ಯ. ಸಕ್ಕರಿ ಬೆರಸಿದವ್ರು ಆಮ್ಯಾಲೆ ಬಂದ ಯುರೋಪಿನವ್ರು. ಆ ಮೂಲ ಮಂದ್ಯಾಗ ಒಬ್ಬ ರಾಜ ದಿನಕ್ಕ ಐವತ್ತು ಲೋಟ ಕುಡೀತಿದ್ನಂತ."

"ಐವತ್ತು ಲೋಟ ಕುಡಿದೋನು ಬಚ್ಚಲಿಂದ ಆಚೆ ಯಾವಾಗ ಬರ್ತಿದ್ದ? ರಾಜ್ಯ ಯಾವಾಗ ಆಳ್ತಿದ್ದ?"

"ಅದನ್ನ ಯಾರೂ ಬರದಿಲ್ರೀ."

"ಹೋಗ್ಲಿ, ಆರೋಗ್ಯಕ್ಕೆ ಒಳ್ಳೇದಾ?"

"ಸಕ್ಕರಿ ಕಡಿಮಿ ಇರೋ ಕಪ್ಪು ಚಾಕೊಲೇಟ್ ಒಂದ್ ಚೂರು ತಿಂದ್ರ ರಕ್ತನಾಳಕ್ಕ ಸ್ವಲ್ಪ ಛಲೋ ಅಂತಾರ್ರೀ. ಹಂಗಂತ ಶುಗರಿಗೆ ಔಷಧ ಅಲ್ಲ ಮತ್ತ."

ಛಲೋ ಅನ್ನುವುದು ಮಾತ್ರ ಇವರ ತಲೆಗೆ ಹೋಯಿತು. ಮರುದಿನದಿಂದ ಹೊತ್ತಿಗೊಂದು ಚೂರು ಶುರು. ನಾನೂ ಸುಮ್ಮನಿದ್ದೆ. ಹಾಗಲಕಾಯಿ ತಿನ್ನದ ಬಾಯಿ ಕಹಿಯನ್ನು ಕೇಳಿ ತಿನ್ನುತ್ತಿದೆಯಲ್ಲ, ತಿನ್ನಲಿ ಅಂತ.

ಹತ್ತು ದಿನಕ್ಕೆ, ಇವರು ನಿದ್ದೆಯಲ್ಲಿದ್ದಾಗ ಬೆರಳು ಚುಚ್ಚಿ ಮನೆಯ ಮಿಷನ್ನಿನಲ್ಲಿ ನೋಡಿದರೆ ಶುಗರ್ ಮುನ್ನೂರು! ಇವರು ಮಿಷನ್ ಕೆಟ್ಟಿದೆ ಅಂದರು. ಕೆಟ್ಟಿದ್ದು ಯಾವುದು ಅಂತ ಗೂಟಕ್ಕೆ ತೂಗುಹಾಕಿದ್ದ ಅಂಗಿಯೇ ತೋರಿಸಿತು. ಗೋಡೆಯ ಮೇಲೆ ಇರುವೆ ಸಾಲು, ಸಾಲಿನ ಕೊನೆ ಅಂಗಿ ಜೇಬು. ಒಳಗೆ ನಿಂಬೆಹಣ್ಣಿನ ಗಾತ್ರದ ಬೆಲ್ಲ.

"ಏನ್ರೀ ಇದು?"

"ಕೋಪ ಮಾಡ್ಕೋಬೇಡ ಕಣೇ. ಯುಗಾದೀಲಿ ಬೇವು ಒಂದನ್ನೇ ಯಾರಾದ್ರೂ ತಿಂತಾರಾ? ಕಹಿ ತಿಂದ ನಾಲಿಗೆಗೆ ಬೆಲ್ಲ ಮುಟ್ಟಿಸ್ಬೇಕು. ಪದ್ಧತಿ."

"ಯುಗಾದಿ ವರ್ಷಕ್ಕೆ ಒಂದ್ಸಲ ಬರುತ್ತೆ. ನಿಮಗೆ ದಿನಕ್ಕೆ ನಾಲ್ಕು ಸಲ ಬರ್ತಿದೆ."

"ಕಹಿ ಹೋಗಿ ಸಿಹೀನ ಹೊಡ್ದಾಕುತ್ತೆ ಕಣೇ. ಲೆಕ್ಕ ಸಮ ಆಗೋಗುತ್ತೆ."

"ಸಮ ಆಗಿದ್ರೆ ಮುನ್ನೂರು ಯಾಕಾಯ್ತು?"

ಇವರು ಇರುವೆ ಕೊಡವತೊಡಗಿದರು.

ಬೈದರೆ ಬೆಲ್ಲ ಜೇಬಿನಿಂದ ಚಡ್ಡಿಗೆ ಹೋಗುತ್ತದೆ ಅಷ್ಟೇ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಗೊತ್ತಿರಬೇಡವೇ? ಅವರ ದಾರಿಯಲ್ಲೇ ಹೋದೆ. "ಪದ್ಧತಿ ಅಂದ್ರಲ್ಲ, ಸರಿ. ಇನ್ಮೇಲೆ ಚಾಕೊಲೇಟನ್ನ ಅದರ ಮೂಲ ಪದ್ಧತೀಲೇ ಕುಡೀರಿ" ಅಂದು, ವಿಜಯಲಕ್ಷ್ಮಿಯಿಂದ ಸಕ್ಕರೆ ಹಾಕದ ಕೋಕೋ ಪುಡಿ ತರಿಸಿದೆ. ಸಂಜೆ ಐದಕ್ಕೆ ಬಿಸಿನೀರಿಗೆ ಎರಡು ಚಮಚ ಪುಡಿ, ಗುಂಟೂರು ಮೆಣಸಿನಕಾಯಿ ಎರಡು. ಕಡೆದು ನೊರೆ ಬರಿಸಿ ಲೋಟ ಮುಂದಿಟ್ಟೆ.

"ರಾಜ ಐವತ್ತು ಲೋಟ ಕುಡೀತಿದ್ನಂತೆ. ನಿಮಗೆ ಒಂದೇ."

ಒಂದು ಗುಟುಕು ಕುಡಿದರು. ಕಿವಿ ಕೆಂಪಾಯಿತು, ತಲೆಯೆಲ್ಲ ಬೆವರಿತು. "ಆ ರಾಜ ಸತ್ತಿದ್ದು ಹೆಂಗೆ ಅಂತ ಈಗ ಗೊತ್ತಾಯ್ತು" ಅಂತ ಕೊಳಾಯಿಗೆ ಬಾಯಿ ಕೊಟ್ಟರು.

ಮರುದಿನ ಐದಕ್ಕೆ ಐದು ನಿಮಿಷ ಇರುವಾಗ ಚಪ್ಪಲಿ ಮೆಟ್ಟಿ, "ಒಂದ್ ರೌಂಡ್ ಹೋಗ್ಬರ್ತೀನಿ" ಅಂತ ಹೊರಟೇಬಿಟ್ಟರು. ಬಂದದ್ದು ಆರೂವರೆಗೆ. ಲೋಟ ಅಲ್ಲೇ ಇತ್ತು. "ಆರಿದ್ದು ಕುಡೀಬಾರ್ದು" ಅಂದರು. "ಹೌದು, ನಾಳೆ ಬಿಸಿಬಿಸಿ ಮಾಡ್ತೀನಿ" ಅಂದೆ ನಾನು.

ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನವೂ. ಕಹಿ ಬಾಯಿಗೆ ಬೀಳದ ಮೇಲೆ ಬೆಲ್ಲಕ್ಕೂ ನೆಪ ಸಿಗಲಿಲ್ಲ, ಜೇಬಿನ ಕಡೆ ಇರುವೆಯೂ ಬರಲಿಲ್ಲ. ಆಗ ನನಗೆ ಹೊಳೆಯಿತು, ನಾನು ಕುಡಿಸಬೇಕಾಗಿಲ್ಲ, ಮಾಡಿಟ್ಟರೆ ಸಾಕು ಅಂತ. ವಾರ ಕಳೆದ ಮೇಲೆ ಮಾಡುವುದನ್ನೂ ಬಿಟ್ಟೆ. ನಾಲ್ಕು ಮುಕ್ಕಾಲಿಗೆ ಬಾಣಲೆಗೆ ಎರಡು ಮೆಣಸಿನಕಾಯಿ ಹಾಕಿ ಹುರಿದರೆ ಆಯಿತು. ಘಾಟು ನಡುಮನೆಗೆ ಹೋಗುವಷ್ಟರಲ್ಲಿ ಇವರು ರಸ್ತೆಯಲ್ಲಿ. ಬೀದಿಯವರೆಲ್ಲ, "ತಿಮ್ಮರಾಯಪ್ಪನವರು ಈ ವಯಸ್ಸಲ್ಲೂ ಏನ್ ವಾಕಿಂಗು!" ಅಂತ ಕೊಂಡಾಡಿದರು. ಒಂದು ದಿನವಂತೂ ಕತ್ರಿಗುಪ್ಪೆಯಿಂದ ಫೋನ್ ಬಂತು. "ಲೋಟ ತೊಳೆದಿಟ್ಯೇನೇ? ವಾಪಸ್ ಬರ್ಬೋದಾ?"

ಮೂರು ತಿಂಗಳಾಯಿತು. ಮತ್ತೆ ರಕ್ತ ಕೊಟ್ಟರು, ಮತ್ತೆ ನನ್ನ ಮೇಲೆ ಬಿದ್ದರು. ಆದರೆ ಈ ಸಲ ಆರು ಕೆಜಿ ಹಗುರ ಅನ್ನಿಸಿತು. ರಿಪೋರ್ಟ್ ಕೈಗೆ ತೆಗೆದುಕೊಂಡ ಡಾಕ್ಟ್ರು ಹುಬ್ಬೇರಿಸಿದರು. ಇವರು ನನ್ನ ಸೆರಗು ಹಿಡಿದುಕೊಂಡರು.

"ಏಳು ಪಾಯಿಂಟ್ ಆರು! ಸದ್ಯಕ್ಕೆ ಇನ್ಸುಲಿನ್ ಬೇಡ. ಏನ್ ಮಾಡಿದ್ರಿ ಯಜಮಾನ್ರೇ?"

"ಚಾಕೊಲೇಟ್ ಡಾಕ್ಟ್ರೇ" ಅಂದರು ಇವರು, ಎದೆಯುಬ್ಬಿಸಿ.

ಡಾಕ್ಟ್ರು ನನ್ನ ಮುಖ ನೋಡಿದರು. ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಚಾಕೊಲೇಟಿಂದ ಶುಗರ್ ಇಳಿಯಲ್ಲಮ್ಮ. ಕಾಲಿಂದ ಇಳಿದಿದೆ, ಬೆಲ್ಲ ಬಿಟ್ಟಿದ್ದಕ್ಕೆ ಇಳಿದಿದೆ. ಮುಂದುವರಿಸಿ."

ಹೊರಗೆ ಬೆಂಚಿನ ಮೇಲೆ ಕೂತಿದ್ದ ದೇವರಾಜ್ ಅನ್ನುವವರು ಅರ್ಧಂಬರ್ಧ ಕೇಳಿಸಿಕೊಂಡಿದ್ದರು. ಇವರ ಕೈ ಹಿಡಿದು, "ಸಾರ್, ನನಗೂ ಶುಗರ್ರು. ಆ ಚಾಕೊಲೇಟ್ ಕಷಾಯ ದಿನಾ ಎಷ್ಟು ಕುಡೀಬೇಕು?" ಅಂದರು.

ನಮ್ಮನೆಯವರು ಒಂದು ಸಲ ನನ್ನ ಕಡೆ ತಿರುಗಿ ನೋಡಿ, ಅವರ ಕಿವಿಯ ಹತ್ತಿರ ಬಗ್ಗಿದರು.

"ಕುಡೀಬಾರ್ದು ಸ್ವಾಮಿ, ಏನ್ ಮಾತಾಡ್ತೀರಾ! ಹೆಂಡ್ತಿ ಮಾಡಿಟ್ಟಿರ್ಬೇಕು, ಅಷ್ಟೇ."